ದವಡೆ ಹಲ್ಲಿನ ಮೇಲೆ ಈ ಉಬ್ಬು ತಗ್ಗು ಯಾಕೆ? ಓದುಗರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಲ್ಲಿನ ಅಗಿಯುವ ಮೇಲ್ಭಾಗದ ಬಗ್ಗೆಯೇ ಇವೆ. ಅಲ್ಲಿ ಕಾಣುವ ಉಬ್ಬುಗಳನ್ನು ನಾವು ದಂತವೈದ್ಯರು ಕಸ್ಪ್ ಎನ್ನುತ್ತೇವೆ. ಇಲ್ಲಿ ಮೊನೆ ಎಂದೇ ಬರೆದಿದ್ದೇನೆ. ಹಲ್ಲು ನೋವು ಬಂದಾಗ ಮಾತ್ರ ಜನ ಇವುಗಳನ್ನು ಗಮನಿಸುತ್ತಾರೆ. ಆದರೆ ಹಲ್ಲು ಎಷ್ಟು ವರ್ಷ ಬಾಳುತ್ತದೆ ಅನ್ನೋದರಲ್ಲಿ ಈ ಮೊನೆಗಳ ಪಾಲು ದೊಡ್ಡದು.

ಪ್ರಶ್ನೆ: ಡಾಕ್ಟ್ರೇ, ನನ್ನ ದವಡೆ ಹಲ್ಲುಗಳಲ್ಲಿ ಉಬ್ಬು ತಗ್ಗು ತುಂಬಾ ಜಾಸ್ತಿ. ಏನು ತಿಂದರೂ ಸಿಕ್ಕಿಕೊಳ್ಳುತ್ತದೆ. ಮೇಲ್ಭಾಗವನ್ನು ಉಜ್ಜಿ ಸಮ ಮಾಡಿಸಿಬಿಟ್ಟರೆ ಸ್ವಚ್ಛ ಮಾಡೋದು ಸುಲಭ ಅಲ್ವಾ?

ದಯವಿಟ್ಟು ಮಾಡಿಸಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ, ಮೊಬೈಲ್ ಟಾರ್ಚ್ ಹಿಡಿದು ಕೆಳಗಿನ ಸಾಲನ್ನು ನೋಡಿ. ಮುಂದಿನ ಬಾಚಿ ಹಲ್ಲುಗಳಿಗೆ ಮೊನೆ ಇಲ್ಲ, ಬರೀ ಕತ್ತರಿಸುವ ಅಂಚು. ಕೋರೆ ಹಲ್ಲಿಗೆ ಒಂದೇ ಮೊನೆ. ಅದರ ಹಿಂದಿರುವ ಎರಡು ಸಣ್ಣ ದವಡೆ ಹಲ್ಲುಗಳಿಗೆ ಸಾಮಾನ್ಯವಾಗಿ ಎರಡೆರಡು. ಕೆಳಗಿನ ಎರಡನೆಯದಕ್ಕೆ ಕೆಲವರಲ್ಲಿ ಮೂರು ಇರುವುದೂ ಉಂಟು. ಇನ್ನೂ ಹಿಂದಕ್ಕೆ ಹೋದರೆ ದೊಡ್ಡ ದವಡೆ ಹಲ್ಲುಗಳು. ಕೆಳಗಿನ ಮೊದಲನೆಯದಕ್ಕೆ ಸಾಮಾನ್ಯವಾಗಿ ಐದು ಮೊನೆ: ಕೆನ್ನೆಯ ಕಡೆ ಮೂರು, ನಾಲಿಗೆಯ ಕಡೆ ಎರಡು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿಗೆ ನಾಲ್ಕು. ಪ್ರತಿ ಮೊನೆಯಿಂದ ಏಣುಗಳು ಇಳಿಯುತ್ತವೆ, ಮೊನೆಗಳ ನಡುವೆ ಗೆರೆಗಳಿವೆ, ಗೆರೆಗಳು ಸೇರುವ ಕಡೆ ಗುಳಿಗಳಿವೆ. ಯಾವುದೂ ಸುಮ್ನೆ ಇಲ್ಲ.

ಮೇಲಿನ ಸಾಲು ಕೆಳಗಿನದಕ್ಕಿಂತ ಸ್ವಲ್ಪ ಅಗಲ. ಹಾಗಾಗಿ ಬಾಯಿ ಮುಚ್ಚಿದಾಗ ಮೇಲಿನ ಹಲ್ಲುಗಳ ಹೊರ ಅಂಚು ಕೆಳಗಿನವನ್ನು ದಾಟಿ ಹೊರಗೆ ನಿಲ್ಲುತ್ತದೆ. ಆಗ ಮೇಲಿನ ಹಲ್ಲಿನ ಒಳಬದಿಯ ಮೊನೆ, ಅಂದರೆ ಅಂಗುಳಿನ ಕಡೆಯದು, ಕೆಳಗಿನ ಹಲ್ಲಿನ ನಡುಗುಳಿಗೆ ಇಳಿಯುತ್ತದೆ. ಕೆಳಗಿನ ಹಲ್ಲಿನ ಕೆನ್ನೆಯ ಕಡೆಯ ಮೊನೆಯೂ ಅದೇ ರೀತಿ ಮೇಲಿನ ಸಾಲಿನ ಗುಳಿಗಳಲ್ಲಿ, ಏಣುಗಳ ಮೇಲೆ ಕೂರುತ್ತದೆ. ಕುಟ್ಟಾಣಿಯೊಳಗೆ ಗುಂಡು ಕೂರುವ ಹಾಗೆ. ಅಗಿಯುವ ಭಾರವನ್ನೆಲ್ಲ ಹೊರುವವು ಈ ಮೊನೆಗಳು. ಅದಕ್ಕೇ ಅವು ಗುಂಡಗೆ, ಅಗಲವಾಗಿ, ಗಟ್ಟಿಮುಟ್ಟಾಗಿರುತ್ತವೆ.

ಹಾಗಾದರೆ ಉಳಿದವು? ಮೇಲಿನ ಹಲ್ಲಿನ ಕೆನ್ನೆಯ ಕಡೆಯವು ಮತ್ತು ಕೆಳಗಿನ ಹಲ್ಲಿನ ನಾಲಿಗೆಯ ಕಡೆಯವು ಎದುರಿನ ಗುಳಿಯಲ್ಲಿ ಕೂರುವುದಿಲ್ಲ. ಅವು ಸ್ವಲ್ಪ ಚೂಪು. ಎದುರಿನ ಮೊನೆಯ ಪಕ್ಕದಲ್ಲೇ ಜಾರಿ ಹೋಗಿ ಆಹಾರವನ್ನು ಹರಿಯುತ್ತವೆ. ಇನ್ನೊಂದು ಕೆಲಸ ಯಾರ ಗಮನಕ್ಕೂ ಬರುವುದಿಲ್ಲ: ಹೊರಗಿನವು ಕೆನ್ನೆಯನ್ನು, ಒಳಗಿನವು ನಾಲಿಗೆಯನ್ನು ದೂರ ತಳ್ಳಿ ಹಿಡಿಯುತ್ತವೆ. ಹಲ್ಲುಸೆಟ್ ಮಾಡುವಾಗ ಮೇಲಿನ ಕೆಳಗಿನ ಹಲ್ಲುಗಳ ಹೊರ ಅಂಚನ್ನು ಒಂದೇ ಸಮ ಕೂರಿಸಿಬಿಟ್ಟರೆ ಹಾಕಿಕೊಂಡವರು ಪದೇ ಪದೇ ಕೆನ್ನೆ ಕಚ್ಚಿಕೊಳ್ಳುತ್ತಾರೆ, ಕಾರಣ ಇದೇ.

ಈಗ ಎಲ್ಲವನ್ನೂ ಸಮ ಮಾಡಿದರೆ ಏನಾಗುತ್ತದೆ ನೋಡಿ. ಚೂಪಾದ ತುದಿ ಒತ್ತಡವನ್ನೆಲ್ಲ ಒಂದು ಸಣ್ಣ ಜಾಗಕ್ಕೆ ತರುತ್ತದೆ, ಅದಕ್ಕೇ ಕಡಿಮೆ ಬಲದಲ್ಲಿ ಆಹಾರ ಒಡೆಯುತ್ತದೆ, ಒಡೆದದ್ದು ಗೆರೆಗಳ ಮೂಲಕ ಪಕ್ಕಕ್ಕೆ ಹೊರಬೀಳುತ್ತದೆ. ಎರಡು ಚಪ್ಪಟೆ ಮೇಲ್ಮೈಗಳ ನಡುವೆ ಅದೇ ಕೆಲಸಕ್ಕೆ ಜಾಸ್ತಿ ಬಲ ಬೇಕು. ಆ ಬಲ ಬೀಳುವುದು ನಿಮ್ಮ ಹಲ್ಲಿನ ಬೇರಿನ ಮೇಲೆ, ದವಡೆಯ ಸ್ನಾಯುಗಳ ಮೇಲೆ. ಜೊತೆಗೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಅತಿ ದಪ್ಪಗಿರುವುದೇ ಮೊನೆಯ ತುದಿಯಲ್ಲಿ, ಸುಮಾರು 2ರಿಂದ 2.5 ಮಿಲಿಮೀಟರ್. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ. ಹಾಗಾಗಿ ಒಮ್ಮೆ ಉಜ್ಜಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಲ್ಲಿನೊಳಗಿನ ನರ, ರಕ್ತನಾಳ ಇರುವ ತಿರುಳೂ ಒಂದೇ ಸಮ ಇರುವುದಿಲ್ಲ. ಪ್ರತಿ ಮೊನೆಯ ಕೆಳಗೆ ಅದಕ್ಕೊಂದು ಕೊಂಬು ಮೇಲಕ್ಕೆ ಎದ್ದಿರುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಈ ಕೊಂಬು ಎತ್ತರ. ಮೊನೆ ಉಜ್ಜುವುದು ಅಂದರೆ ನೇರವಾಗಿ ನರದ ಕಡೆಗೆ ಹೋಗುವುದು.

ನಿಮಗೆ ಆಹಾರ ಸಿಕ್ಕಿಕೊಳ್ಳುತ್ತಿರುವುದು ನಿಜವಾಗಿ ಎಲ್ಲಿ ಅಂತ ಮೊದಲು ನೋಡಿಸಿ. ಎರಡು ಹಲ್ಲುಗಳ ನಡುವಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅದು ಬೇರೆ ಸಮಸ್ಯೆ, ಮೊನೆಗೂ ಅದಕ್ಕೂ ಸಂಬಂಧ ಕಡಿಮೆ. ಮೇಲ್ಭಾಗದ ಗೆರೆಗಳೇ ತುಂಬಾ ಆಳವಾಗಿದ್ದರೆ ಅವಕ್ಕೆ ಸೀಲಂಟ್ ಎಂಬ ತೆಳು ಲೇಪ ಹಾಕಬಹುದು. ಗೆರೆ ಮುಚ್ಚುತ್ತದೆ, ಮೊನೆ ಹಾಗೇ ಉಳಿಯುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಮೇಲೆ ಹೊಸದಾಗಿ ಬಂದ ದೊಡ್ಡ ದವಡೆ ಹಲ್ಲಿನ ಒಳಬದಿಯಲ್ಲಿ ಒಂದು ಪುಟ್ಟ ಗಂಟು ಇದೆ. ಎರಡೂ ಕಡೆ ಇದೆ. ಮುಂದಿನ ಹೊಸ ಹಲ್ಲುಗಳ ಅಂಚೂ ನೇರವಾಗಿಲ್ಲ, ಮೂರು ಮೂರು ಉಬ್ಬು ಕಾಣುತ್ತವೆ. ಹೆಚ್ಚುವರಿ ಹಲ್ಲು ಬರ್ತಿದೆಯಾ? ಭಯ ಆಗಿದೆ.

ಅಮ್ಮ, ಭಯ ಬೇಡ. ಎರಡೂ ಸಹಜ.

ಒಳಬದಿಯ ಗಂಟಿಗೆ ಕಾರಬೆಲ್ಲಿ ಮೊನೆ ಎಂದು ಹೆಸರು. 19ನೇ ಶತಮಾನದಲ್ಲಿ ವಿಯೆನ್ನಾದಲ್ಲಿದ್ದ ದಂತವೈದ್ಯ ಜಾರ್ಜ್ ಕಾರಬೆಲ್ಲಿ ಇದನ್ನು ವಿವರಿಸಿದರು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿನಲ್ಲಿ, ಒಳಬದಿಯ ಮುಂದಿನ ಮೊನೆಗೆ ಅಂಟಿಕೊಂಡಂತೆ ಇದು ಇರುತ್ತದೆ. ಕೆಲವರಲ್ಲಿ ಬರೀ ಒಂದು ಗೆರೆ ಅಥವಾ ಗುಳಿ, ಕೆಲವರಲ್ಲಿ ನಿಮ್ಮ ಮಗಳಿಗಿರುವ ಹಾಗೆ ಗಂಟು, ಇನ್ನು ಕೆಲವರಲ್ಲಿ ಪೂರ್ತಿ ಬೆಳೆದ ಐದನೇ ಮೊನೆ. ಸಾಮಾನ್ಯವಾಗಿ ಅಗಿಯುವ ಮಟ್ಟಕ್ಕೆ ಬರುವುದೇ ಇಲ್ಲ, ಹಾಗಾಗಿ ಅಡ್ಡಿ ಮಾಡುವುದಿಲ್ಲ. ಬೇರೆ ಬೇರೆ ಜನಸಮುದಾಯಗಳಲ್ಲಿ ಇದು ಕಾಣುವ ಪ್ರಮಾಣ ಬೇರೆ ಬೇರೆ. ಅದಕ್ಕೇ ಮಾನವಶಾಸ್ತ್ರಜ್ಞರು ಹಳೆಯ ತಲೆಬುರುಡೆಗಳಲ್ಲೂ ಇದನ್ನು ಹುಡುಕಿ ಗುರುತು ಹಾಕಿಕೊಳ್ಳುತ್ತಾರೆ. ನೀವು ಮಾಡಬೇಕಾದದ್ದು ಒಂದೇ: ಗಂಟು ಮತ್ತು ಹಲ್ಲಿನ ನಡುವಿನ ಗೆರೆಯಲ್ಲಿ ಕೊಳೆ ನಿಲ್ಲದ ಹಾಗೆ ಅಲ್ಲಿಗೂ ಬ್ರಷ್ ತಾಗಿಸಿ.

ಮುಂದಿನ ಹಲ್ಲುಗಳ ಅಂಚಿನ ಉಬ್ಬುಗಳು ಹೊಸ ಬಾಚಿ ಹಲ್ಲುಗಳಲ್ಲಿ ಇರುವಂಥವೇ. ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಲು ಶುರುವಾದ ಮೇಲೆ ತಾವಾಗಿಯೇ ಸವೆದು ನೇರವಾಗುತ್ತವೆ. ದೊಡ್ಡವಳಾದ ಮೇಲೂ ಹಾಗೇ ಉಳಿದರೆ ಮುಂದಿನ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ ಎಂಬ ಅನುಮಾನ ಬರುತ್ತದೆ, ಆಗ ತೋರಿಸಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಆರು ವರ್ಷದ ಹೊತ್ತಿಗೆ ಬರುವ ಈ ದವಡೆ ಹಲ್ಲು ಹಾಲು ಹಲ್ಲುಗಳ ಹಿಂದೆ ಹುಟ್ಟುತ್ತದೆ. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲು ಹಲ್ಲು ಅಂದುಕೊಂಡು, ಹುಳುಕಾದರೂ ಬಿದ್ದುಹೋಗುತ್ತಲ್ಲ ಅಂತ ಬಿಟ್ಟುಬಿಡುತ್ತಾರೆ. ಇದು ಬಿದ್ದುಹೋಗುವ ಹಲ್ಲಲ್ಲ! ಜೀವನಪೂರ್ತಿ ಬೇಕಾದದ್ದು.

ಇದರ ಮೊನೆಗಳು ಗಟ್ಟಿಯಾಗಲು ಶುರುವಾಗುವುದೇ ಮಗು ಹುಟ್ಟುವ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ, ಹಲ್ಲಿನ ಮೊಗ್ಗು ಇನ್ನೂ ಮೃದುವಾಗಿರುವಾಗಲೇ, ಅದರೊಳಗೆ ಎನಾಮಲ್ ಗಂಟು ಎಂಬ ಪುಟ್ಟ ಜೀವಕೋಶಗಳ ಗುಂಪು ಹುಟ್ಟಿಕೊಳ್ಳುತ್ತದೆ. ಆ ಗುಂಪು ತಾನು ಬೆಳೆಯುವುದಿಲ್ಲ, ಸುತ್ತಲಿನ ಕೋಶಗಳಿಗೆ ಬೆಳೆಯಿರಿ ಎಂದು ಸಂಕೇತ ಕಳಿಸುತ್ತದೆ. ಸುತ್ತ ಬೆಳೆಯುತ್ತಾ ಹೋದಂತೆ ಮೇಲ್ಮೈ ಮಡಚಿಕೊಳ್ಳುತ್ತದೆ, ಗಂಟು ಇದ್ದ ಜಾಗ ಮೊನೆಯ ತುದಿಯಾಗುತ್ತದೆ. ಒಂದೊಂದು ಮೊನೆಗೆ ಒಂದೊಂದು ಗಂಟು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಇರ್ಮಾ ಥೆಸ್ಲೆಫ್, ಯುಕ್ಕಾ ಯೆರ್ನ್‌ವಾಲ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. ನನಗೆ ಹಲ್ಲಿನ ವಿಷಯದಲ್ಲಿ ಇದಕ್ಕಿಂತ ಸೋಜಿಗದ ಸಂಗತಿ ಬೇರೆ ಇಲ್ಲ.

ಮೊನೆಗಳು ತುದಿಯಿಂದ ಬೇರೆ ಬೇರೆಯಾಗಿ ಗಟ್ಟಿಯಾಗುತ್ತಾ ಬಂದು ಕೊನೆಗೆ ಒಂದಕ್ಕೊಂದು ಸೇರುತ್ತವೆ. ಸೇರಿದ ಜಾಗವೇ ಗೆರೆ. ಸರಿಯಾಗಿ ಸೇರದಿದ್ದರೆ ಅಲ್ಲಿ ಆಳವಾದ ಸೀಳು ಉಳಿಯುತ್ತದೆ, ಬ್ರಷ್ಷಿನ ಒಂದು ಎಳೆಯೂ ಅದರೊಳಗೆ ಹೋಗುವುದಿಲ್ಲ. ಮಕ್ಕಳ ದವಡೆ ಹಲ್ಲಿನ ಹುಳುಕು ಹೆಚ್ಚಾಗಿ ಶುರುವಾಗುವುದು ಅಲ್ಲೇ. ಏಳು ವರ್ಷ ಅಂದರೆ ಸೀಲಂಟ್ ಹಾಕಿಸಲು ಸರಿಯಾದ ವಯಸ್ಸು. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ನೋವೂ ಇಲ್ಲ.

ಪ್ರಶ್ನೆ: ಕೆಳಗಿನ ದವಡೆ ಹಲ್ಲೊಂದರಲ್ಲಿ ಗಟ್ಟಿ ಪದಾರ್ಥ ಕಚ್ಚಿದಾಗ ಚುಳ್ ಅನ್ನುತ್ತದೆ. ಅದೂ ಕಚ್ಚುವಾಗ ಅಲ್ಲ, ಬಿಡುವಾಗ. ದಿನಾ ಆಗುವುದಿಲ್ಲ. ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಅಂದರು. ಆ ಹಲ್ಲಿಗೆ ಹಳೆಯ ದೊಡ್ಡ ಫಿಲ್ಲಿಂಗ್ ಇದೆ. ಮನೆಯವರು ನನ್ನ ಭ್ರಮೆ ಅನ್ನುತ್ತಿದ್ದಾರೆ.

ಭ್ರಮೆ ಅಲ್ಲ. "ಬಿಡುವಾಗ ಚುಳ್" ಅನ್ನೋ ಒಂದೇ ಮಾತಿನಿಂದ ನನಗೆ ಅನುಮಾನ ಬರುತ್ತಿದೆ, ಯಾವುದೋ ಒಂದು ಮೊನೆಯ ಬುಡದಲ್ಲಿ ಬಿರುಕು ಬಿಟ್ಟಿರಬೇಕು. ಬಿರುಕು ಹಲ್ಲಿನ ಈ ತೊಂದರೆಗೆ 1964ರಲ್ಲೇ ವೈದ್ಯಕೀಯದಲ್ಲಿ ಹೆಸರು ಬಿದ್ದಿದೆ.

ಕಚ್ಚಿದಾಗ ಬಿರುಕು ಬಿಟ್ಟ ಮೊನೆ ಒಂಚೂರು ಹೊರಕ್ಕೆ ಬಾಗುತ್ತದೆ. ಬಿಟ್ಟಾಗ ಥಟ್ಟನೆ ಹಿಂದಕ್ಕೆ ಬಂದು ಕೂರುತ್ತದೆ. ಎನಾಮಲ್ ಕೆಳಗಿನ ಡೆಂಟಿನ್‌ನಲ್ಲಿ ಕಣ್ಣಿಗೆ ಕಾಣದ ಸಾವಿರಾರು ನಳಿಕೆಗಳಿವೆ, ಅವುಗಳಲ್ಲಿ ದ್ರವ ಇದೆ. ಮೊನೆ ಅಲುಗಿದಾಗ ಆ ದ್ರವ ಸರ್ರನೆ ಚಲಿಸಿ ನರವನ್ನು ಕೆಣಕುತ್ತದೆ. ಅದೇ ನಿಮ್ಮ ಚುಳ್. ಒತ್ತಡ ಸರಿಯಾಗಿ ಆ ಮೊನೆಯ ಮೇಲೇ ಬಿದ್ದರೆ ಮಾತ್ರ ಹೀಗಾಗುವುದು, ಅದಕ್ಕೇ ದಿನಾ ಇಲ್ಲ.

ಎಕ್ಸ್‌ರೇಯಲ್ಲಿ ಕಾಣದಿರುವುದೂ ಆಶ್ಚರ್ಯವಲ್ಲ. ಇಂಥ ಬಿರುಕು ಸಾಮಾನ್ಯವಾಗಿ ಹಲ್ಲಿನ ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಎಕ್ಸ್‌ರೇ ಕಿರಣ ಹೋಗುವುದು ಕೆನ್ನೆಯಿಂದ ನಾಲಿಗೆಯ ಕಡೆಗೆ. ಕಿರಣಕ್ಕೆ ಅಡ್ಡಲಾಗಿರುವ ಕೂದಲೆಳೆಯಷ್ಟು ಬಿರುಕು ಫಿಲ್ಮಿನಲ್ಲಿ ಮೂಡುವುದಿಲ್ಲ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ, ಅದರ ತುದಿಯಲ್ಲಿ ಮೊನೆ ಕೂರುವಷ್ಟು ಗುಳಿ. ಅದನ್ನು ಒಂದೊಂದೇ ಮೊನೆಯ ಮೇಲೆ ಇಟ್ಟು ನಿಧಾನವಾಗಿ ಕಚ್ಚಿ, ಈಗ ಬಿಡಿ ಅನ್ನುತ್ತೇವೆ. ಮೊದಲ ಮೊನೆ, ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದರಲ್ಲಿ ಬಿಟ್ಟ ಕ್ಷಣ ರೋಗಿ ಕುರ್ಚಿಯಲ್ಲೇ ಬೆಚ್ಚಿಬೀಳುತ್ತಾರೆ. ಬಿರುಕು ಯಾವ ಮೊನೆಯದು ಅಂತ ಇಬ್ಬರಿಗೂ ಗೊತ್ತಾಯಿತು. ಆಮೇಲೆ ಪಕ್ಕದಿಂದ ಸಣ್ಣ ಬೆಳಕು ಬಿಟ್ಟು ನೋಡುತ್ತೇವೆ. ಬಿರುಕು ಇರುವ ಕಡೆ ಬೆಳಕು ನಿಂತುಹೋಗಿ ಆಚೆ ಭಾಗ ಕಪ್ಪಗೆ ಕಾಣುತ್ತದೆ. ಕೆಳಗಿನ ದವಡೆ ಹಲ್ಲುಗಳಲ್ಲಿ ನಾಲಿಗೆಯ ಕಡೆಯ ಮೊನೆ ಮುರಿಯುವುದು ಜಾಸ್ತಿ, ದೊಡ್ಡ ಫಿಲ್ಲಿಂಗ್ ಇದ್ದರಂತೂ ಇನ್ನೂ ಜಾಸ್ತಿ. ಹಾಗಾಗಿ ನಿಮ್ಮ ವೈದ್ಯರಿಗೆ ಒಂದೊಂದೇ ಮೊನೆ ಪರೀಕ್ಷೆ ಮಾಡಿ ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ತಡ ಮಾಡಬೇಡಿ. ಬಿರುಕು ಮೊನೆಯ ಮಟ್ಟದಲ್ಲೇ ಇರುವಾಗ ಹಳೆಯ ಫಿಲ್ಲಿಂಗ್ ತೆಗೆದು, ಮೊನೆಗಳನ್ನೆಲ್ಲ ಹೊದ್ದುಕೊಳ್ಳುವ ಹಾಗೆ ಆನ್‌ಲೇ ಅಥವಾ ಕ್ಯಾಪ್ ಹಾಕಿದರೆ ಎಷ್ಟೋ ಸಲ ರೂಟ್ ಕೆನಾಲ್ ಕೂಡ ಬೇಕಾಗುವುದಿಲ್ಲ. ಬಿರುಕು ಬೇರಿನವರೆಗೆ ಇಳಿದರೆ ಹಲ್ಲನ್ನು ಉಳಿಸುವುದು ಕಷ್ಟ. ಅಲ್ಲಿಯವರೆಗೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ.

ಪ್ರಶ್ನೆ: ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು, ನೋವು ಹೋಯಿತು. ಈಗ ಕ್ಯಾಪ್ ಹಾಕಿಸಲೇಬೇಕು ಅನ್ನುತ್ತಿದ್ದಾರೆ. ನಿಜವಾಗಿ ಬೇಕಾ, ಅಥವಾ ಸುಮ್ನೆ ಖರ್ಚಾ?

ಎಷ್ಟು ಹಲ್ಲು ಉಳಿದಿದೆ ಅನ್ನೋದರ ಮೇಲೆ ನಿಂತಿದೆ. ನರ ತೆಗೆದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಮುರಿಯುತ್ತದೆ ಎಂದು ಜನ ನಂಬಿದ್ದಾರೆ. ಮುಖ್ಯ ಕಾರಣ ಅದಲ್ಲ. ಮೊನೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವುದು ಹಲ್ಲಿನ ಮುಂದೆ ಮತ್ತು ಹಿಂದೆ ಇರುವ ಅಂಚಿನ ಏಣುಗಳು. ಹುಳುಕು ಇವನ್ನು ತಿಂದುಹಾಕಿದ್ದರೆ ಮೊನೆಗಳು ಒಂಟಿಯಾಗುತ್ತವೆ, ಪ್ರತಿ ಸಲ ಕಚ್ಚಿದಾಗಲೂ ಹೊರಕ್ಕೆ ಬಾಗುತ್ತವೆ, ಒಂದು ದಿನ ಮುರಿಯುತ್ತವೆ.

1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಣ್ಣ ದವಡೆ ಹಲ್ಲುಗಳನ್ನು ತೆಗೆದುಕೊಂಡು ಇದನ್ನು ಅಳೆದು ನೋಡಿದರು. ರೂಟ್ ಕೆನಾಲ್‌ಗೆ ಮಾಡುವ ಕೆಲಸದಿಂದ ಹಲ್ಲಿನ ಬಿಗುವು ಕಡಿಮೆಯಾದದ್ದು ಶೇ 5 ಮಾತ್ರ. ಎರಡೂ ಪಕ್ಕದ ಏಣುಗಳನ್ನು ಕತ್ತರಿಸಿದಾಗ ಶೇ 63! ಈ ಅಂಕಿ ಗೊತ್ತಾದರೆ ನಿಮ್ಮ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕ ಹಾಗೆ.

ಹಾಗಾಗಿ ವೈದ್ಯರನ್ನು ಹೀಗೆ ಕೇಳಿ: ಪಕ್ಕದ ಎರಡೂ ಏಣುಗಳು ಉಳಿದಿವೆಯಾ? ಎರಡೂ ಗಟ್ಟಿಯಾಗಿದ್ದು ನಡುವೆ ಸಣ್ಣ ತೂತು ಮಾತ್ರ ಇದ್ದರೆ ಕೆಲವು ಸಲ ಒಳ್ಳೆಯ ಫಿಲ್ಲಿಂಗ್ ಸಾಕಾಗುತ್ತದೆ. ಒಂದಾದರೂ ಹೋಗಿದ್ದರೆ ಮೊನೆಗಳನ್ನು ಮುಚ್ಚುವ ಕ್ಯಾಪ್ ಅಥವಾ ಆನ್‌ಲೇ ಹಾಕಿಸಿಬಿಡಿ. ನೋವಿಲ್ಲ ಅಂತ ವರ್ಷಗಟ್ಟಲೆ ಬಿಟ್ಟು, ಆಮೇಲೆ ಹಲ್ಲು ಎರಡು ಹೋಳಾಗಿ ಬರುವವರನ್ನು ನೋಡಿದರೆ ನಿಜವಾಗಿಯೂ ಸಂಕಟವಾಗುತ್ತದೆ.

ಪ್ರಶ್ನೆ: ನಿನ್ನೆ ಫಿಲ್ಲಿಂಗ್ ಹಾಕಿಸಿದೆ. ಆ ಹಲ್ಲು ಮಾತ್ರ ಮೊದಲು ತಾಗುತ್ತಿದೆ. ಅಭ್ಯಾಸ ಆಗುತ್ತದಾ?

ಕಾಯಬೇಡಿ, ಹೋಗಿ ಹೇಳಿ. ಹಲ್ಲುಗಳ ನಡುವೆ 20 ಮೈಕ್ರಾನ್‌ನಷ್ಟು ತೆಳುವಾದದ್ದು ಸಿಕ್ಕಿದರೂ ನಮಗೆ ಗೊತ್ತಾಗುತ್ತದೆ, ತಲೆಕೂದಲಿಗಿಂತ ಎಷ್ಟೋ ತೆಳು. ಮರಗಟ್ಟಿಸಿದಾಗ ಸರಿಯಾಗಿ ಕಚ್ಚಲು ಆಗುವುದಿಲ್ಲ, ಹಾಗಾಗಿ ಮಾರನೆಯ ದಿನ ಹೀಗೆ ಅನ್ನಿಸುವುದು ಸಾಮಾನ್ಯ. ಬಣ್ಣದ ತೆಳು ಕಾಗದ ಕಚ್ಚಿಸಿದರೆ ಎತ್ತರವಾದ ಜಾಗದಲ್ಲಿ ಗಾಢ ಗುರುತು ಬೀಳುತ್ತದೆ. ಒತ್ತಡ ಜಾಸ್ತಿ ಇದ್ದರೆ ಗುರುತಿನ ನಡುವೆ ಬಣ್ಣ ಹೋಗಿ ಸುತ್ತ ಉಂಗುರ ಮಾತ್ರ ಉಳಿಯುತ್ತದೆ. ಅಷ್ಟನ್ನು ಮಾತ್ರ ಫಿಲ್ಲಿಂಗ್‌ನಿಂದ ತೆಗೆದರೆ ಮುಗಿಯಿತು. ಎದುರಿನ ಒಳ್ಳೆಯ ಹಲ್ಲಿನ ಮೊನೆಯನ್ನು ಉಜ್ಜಲು ಹೊರಟರೆ ಮಾತ್ರ ಯಾಕೆ ಅಂತ ಕೇಳಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಒಂದೇ ಒಂದು ಹಲ್ಲಿನ ಪಳೆಯುಳಿಕೆ ನೋಡಿ ಅದು ಯಾವ ಪ್ರಾಣಿ, ಏನು ತಿನ್ನುತ್ತಿತ್ತು ಎಂದು ಹೇಳುತ್ತಾರಲ್ಲ ಮೇಡಂ, ಹೇಗೆ?

ಒಳ್ಳೆಯ ಪ್ರಶ್ನೆ ಕೇಳಿದಿರಿ. ಎನಾಮಲ್ ತೂಕದಲ್ಲಿ ಶೇ 96ರಷ್ಟು ಖನಿಜ. ಮೂಳೆ ಪುಡಿಯಾದರೂ ಹಲ್ಲು ಉಳಿಯುತ್ತದೆ, ಅದರ ಮೇಲೆ ಮೊನೆಗಳ ವಿನ್ಯಾಸವೂ ಉಳಿಯುತ್ತದೆ.

ಬೆಕ್ಕಿನ ಜಾತಿಯ ಪ್ರಾಣಿಗಳ ಪಕ್ಕದ ಹಲ್ಲುಗಳಲ್ಲಿ ಚೂಪಾದ ಅಲಗುಗಳಿವೆ, ಅರೆಯುವ ಗುಳಿಯೇ ಇಲ್ಲ ಅನ್ನಬಹುದು. ಹಸುವಿನ ಮೊನೆಗಳು ಅರ್ಧಚಂದ್ರದ ಆಕಾರದವು. ಸವೆಯುವಾಗ ಮೆತ್ತನೆಯ ಡೆಂಟಿನ್ ಬೇಗ ತಗ್ಗಾಗಿ ಎನಾಮಲ್ ಏಣು ಮೇಲೆ ಉಳಿಯುತ್ತದೆ. ಅಂದರೆ ಸವೆತದಿಂದಲೇ ಆ ಹಲ್ಲು ಹುಲ್ಲು ಅರೆಯಲು ಹದವಾಗುತ್ತದೆ. ಹಂದಿ, ಕರಡಿ, ಮನುಷ್ಯ, ಈ ಮೂವರೂ ಎಲ್ಲವನ್ನೂ ತಿನ್ನುವವರು, ಮೂವರ ಮೊನೆಗಳೂ ಗಿಡ್ಡ ಮತ್ತು ಗುಂಡು. ಅಂಟಾರ್ಕ್ಟಿಕಾದ ಸುತ್ತ ಇರುವ ಕ್ರ್ಯಾಬ್‌ಈಟರ್ ಸೀಲ್ ಎಂಬ ಪ್ರಾಣಿಯದು ನನಗೆ ಅತಿ ಇಷ್ಟದ ಹಲ್ಲು. ಹೆಸರಲ್ಲಿ ಏಡಿ ಇದ್ದರೂ ಅದರ ಮುಖ್ಯ ಆಹಾರ ಕ್ರಿಲ್ ಎಂಬ ಪುಟ್ಟ ಸಮುದ್ರಜೀವಿ. ಅದರ ಒಂದೊಂದು ಹಲ್ಲಿನಲ್ಲೂ ಬಾಗಿದ ಹಲವು ಮೊನೆಗಳಿವೆ. ಬಾಯಿ ಮುಚ್ಚಿದಾಗ ಮೇಲಿನವು ಕೆಳಗಿನವುಗಳ ಸಂದಿಗೆ ಕೂತು, ನೀರು ಮಾತ್ರ ಹೊರಹೋಗಿ ಕ್ರಿಲ್ ಒಳಗೇ ಉಳಿಯುತ್ತದೆ. ಅಗಿಯಲು ಅಲ್ಲ, ಸೋಸಲು ಇರುವ ಮೊನೆಗಳು!

ವಂಶವನ್ನೂ ಮೊನೆ ಹೇಳುತ್ತದೆ. ಚಿಂಪಾಂಜಿ, ಗೊರಿಲ್ಲಾದಂಥ ಬಾಲವಿಲ್ಲದ ವಾನರರ ಮತ್ತು ಮನುಷ್ಯರ ಕೆಳದವಡೆ ಹಲ್ಲಿನಲ್ಲಿ ಐದು ಮೊನೆ, ನಡುವೆ ಕವಲೊಡೆದ ಗೆರೆ. ಇದಕ್ಕೆ ವೈ-5 ವಿನ್ಯಾಸ ಎನ್ನುತ್ತಾರೆ. ಏಷ್ಯಾ ಮತ್ತು ಆಫ್ರಿಕಾದ ಕೋತಿಗಳಲ್ಲಿ ನಾಲ್ಕು ಮೊನೆ, ಎರಡೆರಡು ಜೋಡಿಯಾಗಿ ಅಡ್ಡ ಏಣಿನಿಂದ ಸೇರಿರುತ್ತವೆ. ಹೀಗಾಗಿ ಮಣ್ಣಿನಲ್ಲಿ ಒಂದು ಕೆಳದವಡೆ ಹಲ್ಲು ಸಿಕ್ಕರೂ ಅದು ವಾನರರ ಗುಂಪಿನದೋ ಕೋತಿಗಳ ಗುಂಪಿನದೋ ಅಂತ ಬೇರ್ಪಡಿಸಬಹುದು. ಸಸ್ತನಿಗಳ ಚರಿತ್ರೆಯಲ್ಲಿ ಇನ್ನೂ ಹಿಂದಕ್ಕೆ ಹೋದರೆ ಮೇಲಿನ ಹಲ್ಲಿನ ಒಳಮೊನೆ ಕೆಳಗಿನ ಹಲ್ಲಿನ ಗುಳಿಗೆ ಇಳಿಯುವ ಏರ್ಪಾಡು ಮೊದಲಾದ ಕಾಲ ಸಿಗುತ್ತದೆ. ಕತ್ತರಿಸುವುದು, ಅರೆಯುವುದು, ಎರಡನ್ನೂ ಒಂದೇ ಹಲ್ಲು ಮಾಡುವ ಈ ವಿನ್ಯಾಸಕ್ಕೆ ಜಾರ್ಜ್ ಗೇಲಾರ್ಡ್ ಸಿಂಪ್ಸನ್ 1936ರಲ್ಲಿ ಟ್ರೈಬೋಸ್ಫೆನಿಕ್ ಎಂದು ಹೆಸರಿಟ್ಟರು. ನಿಮ್ಮ ಬಾಯಲ್ಲಿರುವ ದವಡೆ ಹಲ್ಲು ಅದೇ ವಂಶದ್ದು.

ಪ್ರಶ್ನೆ: ವಯಸ್ಸು 40. ದವಡೆ ಹಲ್ಲಿನ ಮೊನೆಗಳ ತುದಿಯಲ್ಲಿ ಹಳದಿ ಗುಳಿಗಳು ಬಿದ್ದಿವೆ. ತಣ್ಣಗಿನದು ಕುಡಿದರೆ ಜುಮ್ಮೆನ್ನುತ್ತದೆ. ರಾತ್ರಿ ಹಲ್ಲು ಕಡಿಯುತ್ತೇನಂತೆ.

ತುದಿಯ ಎನಾಮಲ್ ಹೋಗಿ ಹಳದಿ ಡೆಂಟಿನ್ ಹೊರಬಿದ್ದಿದೆ. ಬರೀ ಹಲ್ಲು ಕಡಿಯುವುದರಿಂದ ಆಗಿದ್ದರೆ ಮೊನೆ ಚಪ್ಪಟೆಯಾಗಿ, ಹೊಳಪಾಗಿ, ಎದುರಿನ ಹಲ್ಲಿನ ಚಪ್ಪಟೆಗೆ ಸರಿಯಾಗಿ ಹೊಂದುತ್ತದೆ. ಗುಳಿ ಬಿದ್ದಿದೆ ಅಂದರೆ ಜೊತೆಗೆ ಆಮ್ಲವೂ ಕೆಲಸ ಮಾಡಿದೆ ಎಂದು ನನ್ನ ಅನುಮಾನ. ಹುಳಿ ಪಾನೀಯ, ತಂಪು ಪಾನೀಯ ಪದೇ ಪದೇ ಕುಡಿಯುತ್ತೀರಾ? ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತದಾ? ಎರಡನೆಯದಕ್ಕೆ ಹೌದು ಅನ್ನುವುದಾದರೆ ಹೊಟ್ಟೆಯ ವೈದ್ಯರನ್ನೂ ನೋಡಿ, ಹಲ್ಲಿಗೆ ಮಾತ್ರ ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ. ಹುಳಿ ಕುಡಿದ ಕೂಡಲೇ ಬ್ರಷ್ ಮಾಡಬೇಡಿ, ಆಗ ಎನಾಮಲ್ ಮೆತ್ತಗಾಗಿರುತ್ತದೆ. ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಡಿ.

ರಾತ್ರಿಗೆ ನಿಮ್ಮ ಬಾಯಿಯ ಅಳತೆಗೆ ಮಾಡಿದ ನೈಟ್ ಗಾರ್ಡ್, ಅಂದರೆ ಹಲ್ಲಿನ ಕವಚ, ಹಾಕಿಕೊಳ್ಳಿ. ಕಡಿಯುವುದು ಪೂರ್ತಿ ನಿಲ್ಲದಿರಬಹುದು, ಆದರೆ ಸವೆಯುವುದು ಗಾರ್ಡ್, ಮೊನೆ ಅಲ್ಲ. ಗುಳಿಗಳು ಸಣ್ಣದಿರುವಾಗಲೇ ಹಲ್ಲಿನ ಬಣ್ಣದ ಫಿಲ್ಲಿಂಗ್‌ನಿಂದ ಮುಚ್ಚಿಸಿದರೆ ಜುಮ್ಮೆನ್ನುವುದೂ ಕಡಿಮೆಯಾಗುತ್ತದೆ. ಕೋರೆ ಹಲ್ಲುಗಳನ್ನೂ ತೋರಿಸಿ. ದವಡೆ ಪಕ್ಕಕ್ಕೆ ಜಾರುವಾಗ ಬಹಳಷ್ಟು ಜನರಲ್ಲಿ ಕೋರೆ ಹಲ್ಲುಗಳು ಮಾತ್ರ ತಾಗಿಕೊಂಡು ಹಿಂದಿನ ಹಲ್ಲುಗಳನ್ನು ಬಿಡಿಸುತ್ತವೆ. ಕೋರೆಯ ಮೊನೆ ಸವೆದಿದ್ದರೆ ಆ ರಕ್ಷಣೆ ಹೋಗಿರುತ್ತದೆ, ಚಿಕಿತ್ಸೆಯನ್ನು ಅಲ್ಲಿಂದಲೇ ಶುರು ಮಾಡಬೇಕಾಗಬಹುದು.